ಯಾರು ಬಡಿದ ಕತ್ತಿ ಅಂತ ಬರೆಯಿರಿ

ನಿನ್ನೆ ಮಧ್ಯಾಹ್ನದಿಂದ ತಲೆ ಬಿಸಿಯಾಗಿದೆ. ರಾತ್ರಿ ನಿದ್ದೆಯೂ ಹತ್ತಲಿಲ್ಲ. "ಒಂದು ಚೀಟಿ ಸಂಬಂಧ ಇಷ್ಟ್ಯಾಕ ಸಿಟ್ಟಪ್ಪಾ" ಅಂದಳು ಮಗಳು. ಹೌದು, ವಸ್ತುಸಂಗ್ರಹಾಲಯದಲ್ಲಿ ಕತ್ತಿಗಳ ಕೆಳಗೆ ಬರೆದಿಟ್ಟ ಒಂದು ಚೀಟಿಯ ಸಲುವಾಗಿಯೇ ಸಿಟ್ಟು. ಉದ್ದ ಆಗುತ್ತದೆ, ಪುರುಸೊತ್ತಿದ್ದವರು ಓದಿ.

ಮಗಳ ಮನೆಗೆ ಬಂದು ಮೂರು ವಾರವಾಯಿತು. ಈ ಊರಲ್ಲೊಂದು ದೊಡ್ಡ ವಸ್ತುಸಂಗ್ರಹಾಲಯ ಇದೆ, ಹೆಸರು ಬೇಡ. ಅಲ್ಲಿ ಆಫ್ರಿಕಾದ ಹಳೆಯ ಕತ್ತಿಗಳಿವೆ ಅಂತ ಗೊತ್ತಾದ ದಿನದಿಂದ ಕಾಯುತ್ತಿದ್ದೆ. ಐಟಿಐನಲ್ಲಿ ಫಿಟ್ಟರ್ ಟ್ರೇಡ್ ಕಲಿಸಿ ನಿವೃತ್ತನಾದ ಮೇಲೆ ಈ ಕತ್ತಿಗಳ ಹಿಂದೆ ನಾನು ಎಷ್ಟು ಅಲೆದಿದ್ದೇನೆ, ಎಷ್ಟು ರಾತ್ರಿ ಫೋಟೋ ದೊಡ್ಡದು ಮಾಡಿ ನೋಡುತ್ತ ಕೂತಿದ್ದೇನೆ ಅಂತ ನಿಮಗೆ ಗೊತ್ತೇ ಇದೆ. ಪುಸ್ತಕದಲ್ಲಿ ನೋಡಿದ್ದನ್ನು ಮೊದಲ ಸಲ ಎರಡು ಗೇಣು ದೂರದಿಂದ ನೋಡಿದೆ. ಕಣ್ಣು ತುಂಬಿ ಬಂತು. ಆಮೇಲೆ ಚೀಟಿ ಓದಿದೆ.

ಏಳು ಕತ್ತಿ, ಒಂದೇ ಗಾಜಿನ ಪೆಟ್ಟಿಗೆ, ಒಂದೇ ಚೀಟಿ. "ಬುಡಕಟ್ಟು ಖಡ್ಗಗಳು, ಆಫ್ರಿಕಾ, 19ನೇ ಶತಮಾನ." ಒಂದರ ಕೆಳಗೆ ಮಾತ್ರ ಬೇರೆ ಚೀಟಿ: "ಶಿರಚ್ಛೇದದ ಖಡ್ಗ." ಮೊಮ್ಮಗ ಅದನ್ನು ಗಟ್ಟಿಯಾಗಿ ಓದಿ, ಕುತ್ತಿಗೆಯ ಮೇಲೆ ಬೆರಳು ಎಳೆದು ತೋರಿಸಿದ. ಹತ್ತು ವರ್ಷದ ಹುಡುಗ. ಬರೆದದ್ದನ್ನು ಓದಿದ, ಅವನ ತಪ್ಪೇನಿದೆ?

ಅದೇ ಸಂಗ್ರಹಾಲಯದ ಮುಂದಿನ ಕೋಣೆಯಲ್ಲಿ ಯುರೋಪಿನ ಕತ್ತಿಗಳಿವೆ. ಅಲ್ಲಿ ಪ್ರತಿ ಕತ್ತಿಗೂ ಊರು, ವರ್ಷ, ಎಷ್ಟೋ ಕಡೆ ಬಡಿದವನ ಹೆಸರು, ಅವನ ಮುದ್ರೆಯ ಚಿತ್ರ ಕೂಡ. ಇಲ್ಲಿ ಮಾತ್ರ 54 ದೇಶಗಳಿಗೆ ಸೇರಿ ಒಂದು ಹೆಸರು. ಪೆಟ್ಟಿಗೆಯ ಎಡತುದಿಗೆ ಅಲ್ಜೀರಿಯಾದ ಕಬೀಲ ಜನರ ಫ್ಲಿಸ್ಸಾ ಕತ್ತಿ ಇತ್ತು, ಬಲತುದಿಗೆ ಕಾಂಗೋ ನದಿ ದಂಡೆಯ ನ್ಗುಲು ಕತ್ತಿ. ಆ ಎರಡೂ ಊರುಗಳ ನಡುವಿನ ದೂರ ಧಾರವಾಡದಿಂದ ಕಾಬೂಲಿಗಿರುವ ದೂರದ ಎರಡು ಪಟ್ಟು. ಧಾರವಾಡದ ಕುಡಗೋಲನ್ನೂ ಕಾಬೂಲಿನ ಚೂರಿಯನ್ನೂ ಪಕ್ಕಪಕ್ಕ ಇಟ್ಟು "ಏಷ್ಯಾದ ಬುಡಕಟ್ಟು ಆಯುಧ" ಅಂತ ಬರೆದರೆ ಹೇಗಿರುತ್ತದೆ?

ನನಗೆ ಇದು ಯಾಕೆ ಇಷ್ಟು ಚುಚ್ಚುತ್ತದೆ ಅಂದರೆ, ನಾನು ಕಂಬಾರಸಾಲಿಯಲ್ಲಿ ಬೆಳೆದವನು. ನಮ್ಮಜ್ಜ ಕುಡ ಹಣಿದು, ಕುರ್ಪಿ ಬಡಿದು, ಆಯದ ಜೋಳದಲ್ಲಿ ಮನೆ ನಡೆಸಿದ. ಅಜ್ಜಿ ತಿದಿ ಒತ್ತುತ್ತಿದ್ದಳು. ಸಂತೆಯಲ್ಲಿ ನೂರು ಕುಡಗೋಲು ರಾಶಿ ಹಾಕಿದರೂ ಅಜ್ಜ ಬಡಿದದ್ದನ್ನು ಊರಿನವರು ಬೆನ್ನು ನೋಡಿ ಗುರುತು ಹಿಡಿಯುತ್ತಿದ್ದರು. "ಬಾಯಿ ನೋಡಬ್ಯಾಡ ತಮ್ಮಾ, ಬೆನ್ನು ನೋಡು" ಅನ್ನುತ್ತಿದ್ದ. ಬಾಯಿಯನ್ನು ಯಾರು ಬೇಕಾದರೂ ಸಾಣೆ ಹಿಡಿದು ಚೂಪು ಮಾಡಬಹುದು, ಬೆನ್ನಿನ ಹದ ಮಾತ್ರ ಬಡಿದವನದು ಅಂತ ಅವನ ಲೆಕ್ಕ. ನಿನ್ನೆ ನಾನು ನೋಡಿದ್ದೂ ಬೆನ್ನನ್ನೇ.

ನಡುವೆ ಇದ್ದದ್ದು ತಕೂಬಾ. ಸಹಾರಾದ ತುವಾರೆಗ್ ಜನರ ಕತ್ತಿ, ಹೌಸಾ ಮತ್ತು ಫುಲಾನಿ ಜನರಲ್ಲೂ ಉಂಟು. ನೆಟ್ಟಗಿನ ಅಲಗು, ಎರಡೂ ಕಡೆ ಬಾಯಿ, ಒಟ್ಟು ಉದ್ದ ಸುಮಾರು ಒಂದು ಮೀಟರ್. ಹಿಡಿಗೂ ಅಡ್ಡಪಟ್ಟಿಗೂ ಚರ್ಮ ಹೊದಿಸಿದ್ದಾರೆ. ಅಲಗಿನ ಉದ್ದಕ್ಕೆ ಮೂರು ಸಣ್ಣ ಕಾಲುವೆ ಕೊರೆದಿವೆ. ಅಲ್ಲಿ ಪ್ರವಾಸಿಗರಿಗೆ ವಿವರಿಸುತ್ತಿದ್ದ ಒಬ್ಬ ಹುಡುಗ, ಅವು ರಕ್ತ ಹರಿದುಹೋಗಲಿಕ್ಕೆ ಅಂದ. ನನಗೆ ತಡೆಯಲಾಗಲಿಲ್ಲ, ಮಧ್ಯೆ ಬಾಯಿ ಹಾಕಿದೆ. ರಕ್ತಕ್ಕೂ ಅದಕ್ಕೂ ಸಂಬಂಧವಿಲ್ಲ. ಕಾಲುವೆ ತೆಗೆದರೆ ಅಲಗಿನ ತೂಕ ಇಳಿಯುತ್ತದೆ, ಬಾಗದೆ ನಿಲ್ಲುವ ಗುಣ ಹಾಗೇ ಉಳಿಯುತ್ತದೆ. ರೈಲು ಹಳಿಯ ನಡುಭಾಗ ಯಾಕೆ ಸಣ್ಣಗಿದೆ ಅಂತ ವಿದ್ಯಾರ್ಥಿಗಳಿಗೆ ಮೂವತ್ತು ವರ್ಷ ಹೇಳಿದ ಪಾಠವೇ ಇದು. ಆ ಮೂರು ಗೆರೆಗಳನ್ನು ಅಡಿಯಿಂದ ತುದಿಯವರೆಗೆ ಒಂದೇ ಆಳದಲ್ಲಿ ಕೈಯಿಂದ ತೆಗೆಯಬೇಕಾದರೆ ಎಂಥ ಕೈ ಬೇಕು!

ತಕೂಬಾ ಮಾಡುವವರನ್ನು ಇನಾದನ್ ಅನ್ನುತ್ತಾರೆ. ತುವಾರೆಗ್ ಸಮಾಜದಲ್ಲಿ ಅವರದು ಬೇರೆಯೇ ಪಂಗಡ. ಕಬ್ಬಿಣ, ಬೆಳ್ಳಿ, ಮರದ ಕೆಲಸ ಗಂಡಸರದು, ಚರ್ಮದ ಕೆಲಸ ಅವರ ಹೆಂಗಸರದು. ಅವರವರೇ ಮಾತಾಡಿಕೊಳ್ಳುವ ಗುಟ್ಟಿನ ಮಾತೂ ಇದೆ. ಮೇಲಿನ ಮನೆತನದವರಿಗೆ ಅವರಿಲ್ಲದೆ ಮದುವೆ ನಡೆಯುವುದಿಲ್ಲ, ಕತ್ತಿಯೂ ಸಿಗುವುದಿಲ್ಲ. ಆದರೂ ಬೆಂಕಿ ಕಬ್ಬಿಣ ಮುಟ್ಟುವವರು ಅಂತ ಅವರನ್ನು ಕಂಡರೆ ಒಂದು ಅಂಜಿಕೆ, ಒಂದು ದೂರ. ಪೂರ್ವ ಆಫ್ರಿಕಾದ ಮಾಸಾಯಿ ಜನರಲ್ಲೂ ಹೀಗೇ. ಅವರ ಕಂಬಾರರು ಇಲ್‌ಕುನೋನೋ, ಮದುವೆ ಸಂಬಂಧ ಅವರವರಲ್ಲೇ. ಅವರು ಮಾಡಿದ ಈಟಿಯೋ ಕತ್ತಿಯೋ ಕೈಗೆ ತೆಗೆದುಕೊಳ್ಳುವ ಮೊದಲು ಹಿಂದಿನವರು ಅಂಗೈಗೆ ಎಣ್ಣೆ ಸವರಿಕೊಳ್ಳುತ್ತಿದ್ದರಂತೆ. ಇದನ್ನು ಮೊದಲು ಓದಿದ ದಿನ ಪುಸ್ತಕ ಮುಚ್ಚಿಟ್ಟು ಸುಮ್ಮನೆ ಹೊರಗೆ ಹೋಗಿ ಕೂತಿದ್ದೆ. ನಮ್ಮಜ್ಜನ ಕಂಬಾರಸಾಲಿ ಊರಿನ ಯಾವ ತುದಿಗಿತ್ತು, ಮದುವೆಮನೆಯಲ್ಲಿ ಅವನನ್ನು ಯಾವ ಪಂಕ್ತಿಗೆ ಕೂರಿಸುತ್ತಿದ್ದರು ಅನ್ನುವುದೆಲ್ಲ ಒಮ್ಮೆಲೇ ನೆನಪಾಯಿತು.

ಈ ಕಂಬಾರರನ್ನು ಅಲ್ಲಿನವರು ಬದುಕಿದ್ದಾಗ ದೂರ ಇಟ್ಟರು. ಇಲ್ಲಿನವರು ಚೀಟಿಯಿಂದಲೇ ಬಿಟ್ಟರು. ಬಡಿದವನ ಹೆಸರು ಬರೆಯಲಾಗದಿದ್ದರೆ ಪಂಗಡದ ಹೆಸರಾದರೂ ಬರೆಯಬಹುದಿತ್ತಲ್ಲ? ಇನಾದನ್ ಅಂತ ಬರೆಯಲಿಕ್ಕೆ ಎಷ್ಟು ಜಾಗ ಬೇಕು?

ಈಗ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಪೆಟ್ಟಿಗೆಯಲ್ಲಿದ್ದ ಇನ್ನೊಂದು ನೆಟ್ಟನೆಯ ಕತ್ತಿ ಸುಡಾನಿನ ಕಸ್ಕಾರಾ. ಶಿಲುಬೆಯಂಥ ಅಡ್ಡಪಟ್ಟಿ, ಹಿಡಿಯ ತುದಿಗೆ ಬಿಲ್ಲೆಯಂಥ ಗುಂಡು, ಒರೆಯ ಕೆಳತುದಿ ಎಲೆಯ ಹಾಗೆ ಅಗಲ. 1898ರ ಸೆಪ್ಟೆಂಬರ್ 2ರಂದು ಒಮ್‌ದುರ್ಮಾನ್ ಯುದ್ಧದಲ್ಲಿ ಬ್ರಿಟಿಷರ ಮೆಷಿನ್ ಗನ್ನಿಗೆ ಎದೆಯೊಡ್ಡಿದ ಸುಡಾನಿನವರ ಕೈಯಲ್ಲಿ ಇದ್ದ ಕತ್ತಿ. ಸತ್ತವರ ಕೈಯಿಂದ ಬಿಡಿಸಿಕೊಂಡು ಬ್ರಿಟಿಷ್ ಸೈನಿಕರು ನೆನಪಿನ ಕಾಣಿಕೆ ಅಂತ ಮನೆಗೆ ಒಯ್ದರು. ಅಡ್ಡಪಟ್ಟಿ ನೋಡಿದ ಅಂದಿನ ಯುರೋಪಿನವರು, ಇವು ಕ್ರುಸೇಡ್ ಅನ್ನುವ ಹಳೆಯ ಕ್ರೈಸ್ತ ಧರ್ಮಯುದ್ಧಗಳ ಯೋಧರು ಬಿಟ್ಟುಹೋದ ಕತ್ತಿಗಳು ಅಂತ ಬರೆದರು. ಕೆಲವು ವರ್ಷದ ಹಿಂದೆ ಒಂದು ಉಪನ್ಯಾಸದಲ್ಲಿ ನಾನೂ ಅದನ್ನೇ ಹೇಳಿದ್ದೆ. ಹಳೆಯ ಪುಸ್ತಕ ನಂಬಿ, ಪರೀಕ್ಷೆ ಮಾಡದೆ ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನೆನಪಾದಾಗಲೆಲ್ಲ ಸಂಕಟವಾಗುತ್ತದೆ. ನೆಟ್ಟನೆಯ ಅಲಗು ಅರಬ್ಬರಲ್ಲಿ ಇಸ್ಲಾಮಿನ ಮೊದಲ ಶತಮಾನಗಳಿಂದಲೂ ಇತ್ತು, ಅದನ್ನು ಕಲಿಯಲು ಸುಡಾನಿಗೆ ಯಾವ ಕ್ರುಸೇಡರನೂ ಬೇಕಿರಲಿಲ್ಲ. ಕಸ್ಸಲಾ ಪಟ್ಟಣ ಈ ಕತ್ತಿಗೆ ಹೆಸರುವಾಸಿ. ನಮ್ಮ ಕಾಲದವರೆಗೂ ಅಲ್ಲಿನ ಕಂಬಾರರು ಹಳೆ ಲಾರಿಯ ಸ್ಪ್ರಿಂಗ್ ಪ್ಲೇಟು ಕಾಸಿ ಕಸ್ಕಾರಾ ಬಡಿದಿದ್ದಾರೆ. ಲಾರಿ ಪ್ಲೇಟಿನಿಂದ ಕೊಡಲಿ ಮಾಡುವುದು ನಮ್ಮ ಕಡೆಯವರಿಗೆ ಹೊಸದೇ? ಅಜ್ಜ ಒಳ್ಳೆಯ ಪ್ಲೇಟು ಸಿಕ್ಕರೆ ಹಬ್ಬ ಬಂದ ಹಾಗೆ ಮಾಡುತ್ತಿದ್ದ.

ಇಲ್ಲಿ ಒಬ್ಬರು ಬಂದು "ಸರ್, ಆ ಅಲಗುಗಳು ಎಷ್ಟೋ ಸಲ ಜರ್ಮನಿಯ ಜೋಲಿಂಗೆನ್‌ನಲ್ಲಿ ತಯಾರಾದವು, ಅಂದಮೇಲೆ ಆಫ್ರಿಕಾದ್ದು ಅಂತ ಹೇಗೆ ಹೇಳುತ್ತೀರಿ" ಅಂತ ಕೇಳುತ್ತಾರೆ ಅಂತ ಗೊತ್ತು. ಪ್ರತಿ ಸಲ ಕೇಳುತ್ತಾರೆ. ನಿಜ, ಯುರೋಪಿನ ಅಲಗುಗಳು ವ್ಯಾಪಾರದ ದಾರಿಯಲ್ಲಿ ಸಹಾರಾ ದಾಟಿ ಹೋಗಿವೆ. ಅವುಗಳ ಮೇಲಿನ ಅರ್ಧಚಂದ್ರದ ಮುದ್ರೆಯನ್ನು ಅಲ್ಲಿನ ಕಂಬಾರರು ತಾವು ಬಡಿದ ಅಲಗಿಗೂ ಒತ್ತಿದ್ದಾರೆ. ಆದರೆ ಅಲಗು ಬಂದಮೇಲೆ ಅದಕ್ಕೆ ಹಿಡಿ ಕೂರಿಸಿದವರು ಯಾರು, ತೂಕ ಸರಿದೂಗಿಸಿದವರು ಯಾರು, ಒರೆ ಹೊಲಿದವರು ಯಾರು? ಮುರಿದಾಗ ಬೆಸೆದು ಮೊಮ್ಮಕ್ಕಳ ಕಾಲದವರೆಗೆ ನಡೆಸಿದವರು ಯಾರು? ನಮ್ಮ ದಖನ್ನಿನಲ್ಲೇ ನೋಡಿ. ಪೋರ್ಚುಗೀಸರ ಮೂಲಕ ಬಂದ ಅಲಗಿಗೆ ಇಲ್ಲಿನ ಹಿಡಿ ಹಾಕಿ 'ಫಿರಂಗಿ' ಅಂದೆವು, ಮರಾಠಾ ಸರದಾರರು ಅದನ್ನೇ ಹಿಡಿದು ಹೋರಾಡಿದರು. ಅದು ನಮ್ಮ ಕತ್ತಿಯಲ್ಲ ಅಂತ ಯಾರಾದರೂ ಅಂದಿದ್ದಾರಾ?

ಸೆನೆಗಲ್‌ನದು ಇನ್ನೂ ದೊಡ್ಡ ಉದಾಹರಣೆ. ಫ್ರೆಂಚರ ವಿರುದ್ಧ ನಿಂತ ಅಲ್‌ಹಾಜ್ ಉಮರ್ ತಾಲ್ ಅವರದು ಎನ್ನುವ ಕತ್ತಿಯನ್ನು ಫ್ರೆಂಚ್ ಸೇನೆ 1893ರಲ್ಲಿ ಇಂದಿನ ಮಾಲಿ ದೇಶದ ಬಂಡಿಯಾಗರಾದಲ್ಲಿ ವಶಪಡಿಸಿಕೊಂಡು ಪ್ಯಾರಿಸ್ಸಿಗೆ ಒಯ್ದಿತು. ಅದರ ಅಲಗು ತಯಾರಾದದ್ದು ಫ್ರಾನ್ಸಿನ ಕ್ಲಿಂಗೆಂಥಾಲ್‌ನಲ್ಲಿ. ಹಿಡಿಯ ತುದಿ ಹಕ್ಕಿಯ ಕೊಕ್ಕಿನ ಹಾಗಿದೆ. 2019ರ ನವೆಂಬರಿನಲ್ಲಿ ಫ್ರಾನ್ಸಿನ ಪ್ರಧಾನಿಯೇ ಡಾಕಾರ್‌ಗೆ ಬಂದು ಅದನ್ನು ಅಧ್ಯಕ್ಷ ಮ್ಯಾಕಿ ಸಾಲ್ ಅವರ ಕೈಗಿಟ್ಟರು, 2020ರ ಡಿಸೆಂಬರಿನ ಕಾನೂನಿನಿಂದ ಅದು ಪೂರ್ತಿ ಸೆನೆಗಲ್‌ನದಾಯಿತು. ಅಲಗು ಫ್ರಾನ್ಸಿನದು ಅಂತ ಸೆನೆಗಲ್ ಜನ ಬೇಡ ಅನ್ನಲಿಲ್ಲ.

ಇನ್ನು ಆ "ಶಿರಚ್ಛೇದದ ಖಡ್ಗ". ಅದು ನ್ಗೊಂಬೆ ಮತ್ತು ಅವರ ಸುತ್ತಲಿನ ಜನರ ನ್ಗುಲು. ಕುಡಗೋಲಿನ ಹಾಗೆ ಬಳುಕಿ ಮುಂದಕ್ಕೆ ಚಾಚಿದ ಅಲಗು, ಬೆನ್ನಿಗೆ ಕೊಂಬಿನಂಥ ಮೊನೆ, ಮರದ ಹಿಡಿಗೆ ಸುತ್ತಿದ ತಂತಿ. 1880ರ ದಶಕದಲ್ಲಿ ಕಾಂಗೋ ನದಿಯಲ್ಲಿ ಓಡಾಡಿದ ಯುರೋಪಿಯನ್ನರು ಅಲ್ಲಿ ಮರಣದಂಡನೆ ನಡೆಯುವುದನ್ನು ನೋಡಿದರು, ಚಿತ್ರ ಬರೆದರು. ಆ ಚಿತ್ರಗಳು ಪತ್ರಿಕೆಗಳಲ್ಲಿ ಅಚ್ಚಾದವು. ಕತ್ತಿಗೆ ಅಂಟಿದ ಆ ಹೆಸರು ಇವತ್ತಿನವರೆಗೂ ಬಿಟ್ಟಿಲ್ಲ. ದಂಡನೆಗೆ ಬಳಸಲೇ ಇಲ್ಲ ಅಂತ ನಾನು ವಾದಿಸುವುದಿಲ್ಲ. ಆದರೆ ಊರ ಹಿರಿಯ ಸಭೆಗೆ ಬರುವಾಗ ಅದನ್ನು ಹಿಡಿದು ಬರುತ್ತಿದ್ದ, ಕುಣಿತದಲ್ಲಿ ಅದು ಕೈಯಲ್ಲಿರುತ್ತಿತ್ತು, ಅದು ಮನೆತನದ ಮರ್ಯಾದೆಯ ಗುರುತಾಗಿತ್ತು. ಇದಕ್ಕೆಲ್ಲ ಚೀಟಿಯಲ್ಲಿ ಒಂದಕ್ಷರವೂ ಇಲ್ಲ. ಪಕ್ಕದ ಕೋಣೆಯಲ್ಲಿ, ತಲೆ ಕಡಿಯಲೆಂದೇ ಮಾಡಿದ ಯುರೋಪಿನ ಅಗಲ ಕತ್ತಿಯೂ ಒಂದಿತ್ತು. ಅದರ ಚೀಟಿಯಲ್ಲಿ ಊರು, ಕಾಲ, ಅಲಗಿನ ಮೇಲೆ ಕೆತ್ತಿದ ವಾಕ್ಯದ ಅರ್ಥ, ಎಲ್ಲವೂ ಇದ್ದವು.

ಅದೇ ಕಾಂಗೋ ನಾಡಿನಲ್ಲಿ ಕೂಬಾ ರಾಜ್ಯ ಇತ್ತು. 17ನೇ ಶತಮಾನದ ಅರಸ ಶ್ಯಾಮ್ ಅಂಬುಲ್ ಅಂಗೂಂಗ್ ಎಸೆದು ಹೊಡೆಯುವ ಕತ್ತಿಯನ್ನು ನಿಷೇಧಿಸಿ, ಅದರ ಜಾಗಕ್ಕೆ ಇಕುಲ್ ಎಂಬ ಎಲೆಯಾಕಾರದ ಕಿರುಗತ್ತಿ ತಂದ ಅಂತ ಅಲ್ಲಿನ ಜನ ನೆನೆಯುತ್ತಾರೆ. ಅವನ ಮರದ ಮೂರ್ತಿ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಇಕುಲ್ ಶಾಂತಿಯ ಗುರುತು. ಪೂರ್ತಿ ಮರದಲ್ಲೇ ಕೆತ್ತಿದ ಇಕುಲ್‌ಗಳೂ ಇವೆ, ಅವು ಹುಲ್ಲನ್ನೂ ಕೊಯ್ಯುವುದಿಲ್ಲ. ಮೊಮ್ಮಗನಿಗೆ ಮನೆಗೆ ಬಂದು ಇದರ ಫೋಟೋ ತೋರಿಸಿದೆ. "ಕತ್ತಿ ಮರದ್ಯಾಕ ಅಜ್ಜಾ?" ಅಂತ ಶುರು ಮಾಡಿದವನು ಊಟಕ್ಕೆ ಕರೆಯುವವರೆಗೂ ಬಿಡಲಿಲ್ಲ. ಮಕ್ಕಳಿಗೆ ಆಸಕ್ತಿ ಇಲ್ಲ, ಚೀಟಿ ಚಿಕ್ಕದಿರಬೇಕು, ಉದ್ದ ಬರೆದರೆ ಯಾರೂ ಓದುವುದಿಲ್ಲ ಅಂತ ಅಲ್ಲಿನ ಮಾಹಿತಿ ಮೇಜಿನವರು ನನಗೆ ಹೇಳಿದರಲ್ಲ, ಅವರಿಗೆ ಇದು ನನ್ನ ಉತ್ತರ. ತಂದವರೇ ವಿವರ ಬರೆದಿಡಲಿಲ್ಲ ಅಂತಲೂ ಅಂದರು. ಇರಬಹುದು. ಆದರೆ ಹಿಡಿ, ಅಡ್ಡಪಟ್ಟಿ, ಒರೆ ನೋಡಿದರೆ ಯಾವ ಜನರದು ಅಂತ ನನ್ನಂಥ ಫಿಟ್ಟರ್ ಮಾಸ್ತರನಿಗೇ ಗುರುತು ಸಿಗುತ್ತದೆ. ನೂರು ವರ್ಷದಿಂದ ಇಟ್ಟುಕೊಂಡವರಿಗೆ ಯಾಕೆ ಸಿಗಬಾರದು?

"ಆಫ್ರಿಕಾದ ಕತ್ತಿ ತಗೊಂಡು ನಮಗೇನಾಗಬೇಕು" ಅಂತ ಹಿಂದಿನ ಪೋಸ್ಟಿನಲ್ಲಿ ಗೆಳೆಯರೊಬ್ಬರು ಬರೆದಿದ್ದರು. ವಿಜಯಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ಮುಹಮ್ಮದ್ ಆದಿಲ್ ಶಾನ ಬಲಗೈಯಾಗಿದ್ದ ಇಖ್ಲಾಸ್ ಖಾನ್ ಹಬ್ಶಿ, ಅಂದರೆ ಆಫ್ರಿಕಾ ಮೂಲದವನು. ಯಲ್ಲಾಪುರ, ಹಳಿಯಾಳದ ಸಿದ್ದಿ ಅಣ್ಣತಮ್ಮಂದಿರು ನಮ್ಮ ಕನ್ನಡವನ್ನೂ ಆಡುತ್ತಾರೆ. ಅವರ ಪೂರ್ವಜರ ನಾಡನ್ನು "ಬುಡಕಟ್ಟು, ಆಫ್ರಿಕಾ" ಅಂತ ಎರಡು ಪದದಲ್ಲಿ ಮುಗಿಸಿದರೆ ನನಗೆ ನೋವಾಗುತ್ತದೆ. ಇಷ್ಟೇ ಸಾಕು.

ಘಾನಾದ ಕುಮಾಸಿಯಲ್ಲಿ ಏನಾಯಿತು ನೋಡಿ. 1874ರಲ್ಲಿ ಬ್ರಿಟಿಷ್ ಸೇನೆ ಅಲ್ಲಿನ ಅಸಾಂಟೆ ಜನರ ಅರಸನ ಅರಮನೆ ಲೂಟಿ ಮಾಡಿತು. 150 ವರ್ಷದ ಮೇಲೆ, 2024ರಲ್ಲಿ, ಬ್ರಿಟನ್ನಿನ ಎರಡು ದೊಡ್ಡ ಸಂಗ್ರಹಾಲಯಗಳು 32 ವಸ್ತುಗಳನ್ನು ಮಾನ್ಹಿಯಾ ಅರಮನೆಗೆ ಕಳಿಸಿದವು. ಕಡದ ಮೇಲೆ! ಅದರಲ್ಲಿ ಪ್ರಮಾಣವಚನದ ಕತ್ತಿಯೂ ಇತ್ತು. ಅಂಥ ಕತ್ತಿಗಳ ಹಿಡಿ ಮರದ್ದು, ಎರಡು ಗುಂಡು ಜೋಡಿಸಿದಂತೆ, ಮೇಲೆ ಬಂಗಾರದ ತಗಡು. ಅಲಗಿಗೆ ಬಾಯಿಯೇ ಇಲ್ಲ, ಕೊಯ್ಯಲಿಕ್ಕೆ ಮಾಡಿದ್ದಲ್ಲ. ಅದನ್ನು ಮುಟ್ಟಿ ಆಣೆ ಮಾಡುತ್ತಾರೆ. ಅಲ್ಲಿ ಒಂದೊಂದು ಕತ್ತಿಗೂ ಸ್ವಂತ ಹೆಸರಿದೆ. ಅರಸನ ಪ್ರಮಾಣದ ಕತ್ತಿಯ ಹೆಸರು ಮ್ಪೊಂಪೊನ್ಸುವೊ. ಮನುಷ್ಯರಿಗೆ ಹೆಸರಿಡುವ ಹಾಗೆ ಕತ್ತಿಗೆ ಹೆಸರಿಟ್ಟ ಜನರ ಕತ್ತಿಯನ್ನು ತಂದು, ಹೆಸರು ಕಿತ್ತು ನಿಲ್ಲಿಸುತ್ತಾರೆ.

ಇವತ್ತು ಬೆಳಗ್ಗೆ ಮತ್ತೆ ಹೋಗಿದ್ದೆ. ತಕೂಬಾದ ಒರೆಯ ಹಿಂಬದಿಯಲ್ಲಿ ನಿನ್ನೆ ಕಾಣದ್ದೊಂದು ಇವತ್ತು ಕಂಡಿತು. ಮೂಲ ಹೊಲಿಗೆ ನಾಲ್ಕು ಬೆರಳಿನಷ್ಟು ಉದ್ದಕ್ಕೆ ಬಿಚ್ಚಿಹೋಗಿ, ಬೇರೆ ದಾರದಿಂದ, ಸ್ವಲ್ಪ ಅಗಲ ಅಗಲ ಹಾಕಿ ಮತ್ತೆ ಹೊಲಿದಿದ್ದಾರೆ. ಕೊನೆಯ ಗಂಟು ಒಳಗೆ ಮಡಚಿ ಬಚ್ಚಿಟ್ಟಿದ್ದಾರೆ. ಮೊದಲು ಹೊಲಿದವಳ ಕೈ ಬೇರೆ, ರಿಪೇರಿ ಮಾಡಿದ ಕೈ ಬೇರೆ.

ಏಳು ಕತ್ತಿಗೆ ಏಳು ಹೆಸರು, ಜನರ ಹೆಸರು, ನಾಡಿನ ಹೆಸರು, ಒರೆಯ ಹೊಲಿಗೆಯ ವಿಷಯವನ್ನೂ ಸೇರಿಸಿ ಎರಡು ಹಾಳೆ ಬರೆದೆ. ಮಗಳು ಅವರ ಭಾಷೆಗೆ ಹಾಕಿಕೊಟ್ಟಳು. ಮೊಮ್ಮಗ ಪ್ರತಿ ಕತ್ತಿಯ ಚಿತ್ರ ಬರೆದು ನಂಬರ್ ಹಾಕಿದ. ಮಾಹಿತಿ ಮೇಜಿಗೆ ಕೊಟ್ಟು, ಕೊಟ್ಟದ್ದಕ್ಕೆ ಸಹಿ ಹಾಕಿಸಿಕೊಂಡು ಬಂದಿದ್ದೇನೆ. ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ. ಬರದಿದ್ದರೆ ಗುರುವಾರ ಮತ್ತೆ ಹೋಗುತ್ತೇನೆ.