ಸಮುರಾಯ್ ಮನೆಗೆ ಬಂದ, ಬೀಗ ಹಾಕಿಕೊಂಡು

ತಕಾಶಿ ಮೀಕೆ ಅನ್ನೋ ಜಪಾನಿ ನಿರ್ದೇಶಕರು 2010ರಲ್ಲಿ ‘13 ಅಸ್ಯಾಸಿನ್ಸ್’ ತೆಗೆದರು. ಸಮುರಾಯ್‌ಗಳ, ಅಂದರೆ ಜಪಾನಿನ ಹಳೆಯ ಕತ್ತಿವೀರರ ಕಥೆ, 1844ರದ್ದು. ಆಗ ಜಪಾನನ್ನು ಆಳುತ್ತಿದ್ದ ಸೇನಾಧಿಪತಿ ಶೋಗನ್‌ನ ತಮ್ಮನೊಬ್ಬನಿಗೆ ಜನರನ್ನು ಕೊಲ್ಲುವುದೇ ಆಟ. ಅವನನ್ನು ಮುಗಿಸಲು ಹದಿಮೂರು ಜನ ಒಂದಾಗುತ್ತಾರೆ. ಒಂದು ಊರನ್ನೇ ಕೊಂಡು, ದಾರಿ ದಾರಿಗೂ ಅಡ್ಡಗೇಟು ಇಟ್ಟು, ಇಡೀ ಊರನ್ನು ಬೋನು ಮಾಡುತ್ತಾರೆ. ಇನ್ನೂರಕ್ಕೂ ಹೆಚ್ಚು ಜನ ಬಂದು ಬೀಳುತ್ತಾರೆ. ಆಮೇಲೆ ಸುಮಾರು ಮುಕ್ಕಾಲು ಗಂಟೆ ಬರೀ ಕತ್ತಿ, ಕೆಸರು, ರಕ್ತ. ಭರ್ಜರಿ ಸಿನಿಮಾ, ಅದರಲ್ಲಿ ಎರಡು ಮಾತಿಲ್ಲ.

ಈ ಬೋನಿನ ಐಡಿಯಾ ಸಿನಿಮಾ ಡಿಸ್ಕ್ ಮಾರುವವರಿಗೆ ಬಹಳ ಮುಂಚೆಯೇ ಹೊಳೆದಿತ್ತು. ವ್ಯತ್ಯಾಸ ಒಂದೇ. ಅವರ ಬೋನಿಗೆ ಬೀಳುವವನು ದುಡ್ಡು ಕೊಟ್ಟವನು.

ಜಪಾನಿನಲ್ಲಿ ಈ ಸಿನಿಮಾ 141 ನಿಮಿಷ. ಹೊರದೇಶಕ್ಕೆ ಹೊರಟಾಗ ಕಾಲು ಗಂಟೆಯಷ್ಟು ಕತ್ತರಿ ಬಿತ್ತು. ವಿದೇಶಿಯರಿಗೆ ತಾಳ್ಮೆ ಕಡಿಮೆ ಅಂದುಕೊಂಡರೋ ಏನೋ. ತಮಾಷೆ ಅದಲ್ಲ. ಅಮೆರಿಕದ ಬ್ಲೂ-ರೇ (ಡಿವಿಡಿಯ ನಂತರದ ತಲೆಮಾರಿನ ಡಿಸ್ಕ್) ಬಂದಾಗ, ಕತ್ತರಿಸಿದ ದೃಶ್ಯಗಳನ್ನು ಬೇರೆಯಾಗಿ ‘ಬೋನಸ್’ ಎಂದು ಕೊಟ್ಟರು! ಕಟಿಂಗ್ ಶಾಪಿನವನು ಉದುರಿದ ಕೂದಲನ್ನು ಪೊಟ್ಟಣ ಕಟ್ಟಿ ‘ಇದು ಫ್ರೀ ಸಾರ್’ ಎಂದು ಕೈಗಿಟ್ಟ ಹಾಗೆ.

ಇನ್ನು ವಲಯದ ಬೀಗ. ಜಗತ್ತನ್ನು ವಲಯಗಳಾಗಿ ಹಂಚಿ, ಒಂದು ವಲಯದ ಡಿಸ್ಕ್ ಇನ್ನೊಂದು ವಲಯದ ಪ್ಲೇಯರಿನಲ್ಲಿ ಓಡದ ಹಾಗೆ ಮಾಡುವ ಉಪಾಯ. ಡಿವಿಡಿ ಲೆಕ್ಕದಲ್ಲಿ ಅಮೆರಿಕ 1, ಜಪಾನ್ 2, ನಾವು 5. ಬ್ಲೂ-ರೇ ಬಂದಾಗ ಭೂಗೋಳವನ್ನೇ ತಿದ್ದಿದರು. ಯುರೋಪಿನ ಜೊತೆಗಿದ್ದ ಜಪಾನ್ ಎದ್ದು ಹೋಗಿ ಅಮೆರಿಕದ ಪಕ್ಕ ‘ಎ’ಯಲ್ಲಿ ಕೂತಿತು. ನಾವು ರಷ್ಯಾ, ಚೀನಾ ಜೊತೆ ‘ಸಿ’ಯಲ್ಲಿ. 1853ರಲ್ಲಿ ಅಮೆರಿಕದ ನೌಕಾಧಿಕಾರಿ ಪೆರಿ ಫಿರಂಗಿ ಹೊತ್ತ ಹಡಗು ತಂದು ನಿಲ್ಲಿಸಿ ಜಪಾನಿನ ಬಾಗಿಲು ತಟ್ಟಿದ್ದ. ಅದೇ ಅಮೆರಿಕದ ಸ್ಟುಡಿಯೋಗಳು ಡಿವಿಡಿ ಕಾಲಕ್ಕೆ ಜಗತ್ತಿನ ಬಾಗಿಲನ್ನೆಲ್ಲ ಹಾಕಿಸಿದವು.

ಯಾರ ಭಯಕ್ಕೆ? ಕಳ್ಳರ ಭಯ ಅಂದರೆ ನಗು ಬರುತ್ತದೆ. ಮೆಜೆಸ್ಟಿಕ್ ಫುಟ್‌ಪಾತಿನ ಕಳ್ಳ ಡಿಸ್ಕಿಗೆ ವಲಯವೂ ಇರಲಿಲ್ಲ, ಎಚ್ಚರಿಕೆಯೂ ಇರಲಿಲ್ಲ. ಹಾಕಿದ ಕೂಡಲೇ ಸಿನಿಮಾ. ಅಸಲಿ ಡಿಸ್ಕ್ ಹಾಕಿ ನೋಡಿ. ಮೊದಲು ‘ಕದಿಯುವುದು ಅಪರಾಧ’ ಎಂಬ ಪಾಠ. ರಿಮೋಟಿನಲ್ಲಿ ಮುಂದಕ್ಕೆ ಒತ್ತಿದರೆ ಪರದೆಯ ಮೂಲೆಯಲ್ಲಿ ಅಡ್ಡಗೆರೆ ಎಳೆದ ಒಂದು ಗುಂಡು ಚಿಹ್ನೆ. ಮತ್ತೆ ಒತ್ತಿ, ಮತ್ತೆ ಅದೇ ಗುಂಡು. ಅಂಗಡಿ ಬಿಲ್ಲು ಕೈಯಲ್ಲಿ ಹಿಡಿದು ಕೂತವನಿಗೆ ಕಳ್ಳತನದ ಬುದ್ಧಿವಾದ! ಕದ್ದವನು ಅಷ್ಟೊತ್ತಿಗೆ ಅರ್ಧ ಸಿನಿಮಾ ಮುಗಿಸಿರುತ್ತಾನೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತಾರಲ್ಲ, ಇಲ್ಲಿ ಬಾಗಿಲು ಹಾಕಿದ್ದು ಟಿಕೆಟ್ ತಗೊಂಡವನ ಮುಖಕ್ಕೆ.

ಈಗಿನ 4ಕೆ ಡಿಸ್ಕಿಗೆ ವಲಯದ ಬೀಗವೇ ಇಲ್ಲ. ಆಕಾಶವೇನೂ ಕಳಚಿ ಬೀಳಲಿಲ್ಲ.

ಕಂಪ್ಯೂಟರಿನ ಡಿವಿಡಿ ಡ್ರೈವ್ ಮಾತ್ರ ಕೊಂಚ ದಯೆ ತೋರಿಸುತ್ತದೆ. ವಲಯವನ್ನು ಐದು ಸಲ ಬದಲಿಸಬಹುದು. ಐದನೆಯ ಸಲ ಯಾವುದಕ್ಕೆ ನಿಂತಿತೋ ಅಲ್ಲಿಗೇ ಗಟ್ಟಿ. ಸಮುರಾಯ್ ಆಸೆಗೆ ಜಪಾನಿಗೆ ನಿಲ್ಲಿಸಿದಿರೋ, ಬೀಗ ಹಾಕಿದ ನಮ್ಮೂರಿನ ಡಿಸ್ಕು ಅದರಲ್ಲಿ ಓಡಲ್ಲ. ನಿಮ್ಮ ಮದುವೆ ಡಿವಿಡಿ ಪರವಾಗಿಲ್ಲ, ಎಲ್ಲಿ ಬೇಕಾದರೂ ಓಡುತ್ತದೆ. ಅದಕ್ಕೆ ಯಾರೂ ಬೀಗ ಹಾಕಿಲ್ಲ, ಅದನ್ನು ಕದಿಯುವವರೂ ಇಲ್ಲ.