ಹಳೆಯ ಕಾಲೇಜು ಅಂದ ಮಾತ್ರಕ್ಕೆ ಕೈಮುಗಿಯಬೇಕಾ?

ಗಿರೀಶ್ ಕಾರ್ನಾಡರು 1960ರಿಂದ 63ರವರೆಗೆ ಆಕ್ಸ್‌ಫರ್ಡ್‌ನಲ್ಲಿ ಓದಿದ್ದು ತುಂಬಾ ಜನಕ್ಕೆ ಗೊತ್ತು. ಅವರಿದ್ದದ್ದು ಮ್ಯಾಗ್ಡಲೆನ್ ಕಾಲೇಜಿನಲ್ಲಿ (ಅಲ್ಲಿಯವರ ಬಾಯಲ್ಲಿ ಅದು ಮಾಡ್ಲಿನ್). ಅದರ ಮಾತು ಬಂದರೆ ಸಾಕು, ‘ಅಬ್ಬಾ, ಐನೂರು ವರ್ಷದ ಕಾಲೇಜು’ ಅಂತ ಶುರುವಾಗುತ್ತದೆ. ಹಳೆಯದು ನಿಜ. ಆದರೆ ಅದರಲ್ಲಿ ಎಷ್ಟು ವರ್ಷ ಪಾಠ ನಡೆಯಿತು, ಎಷ್ಟು ವರ್ಷ ಸುಮ್ನೆ ನಿದ್ದೆ ಹೊಡೆದರು ಅಂತ ಯಾರೂ ಕೇಳುವುದಿಲ್ಲ.

1458ರಲ್ಲಿ ಇದನ್ನು ಕಟ್ಟಿಸಿದವನು ವಿಂಚೆಸ್ಟರ್‌ನ ಬಿಷಪ್ ವಿಲಿಯಂ ವೇನ್‌ಫ್ಲೀಟ್. ಕಾಲೇಜಿಗೆ ಬೇಕಾದಷ್ಟು ಆಸ್ತಿ ಕೊಟ್ಟ. ಅಧ್ಯಕ್ಷನನ್ನು ಆರಿಸುವ ಅಧಿಕಾರವನ್ನು ಅಲ್ಲಿನ ಫೆಲೋಗಳಿಗೆ, ಅಂದರೆ ಕಾಲೇಜು ನಡೆಸುವ ವಿದ್ವಾಂಸರಿಗೇ ಬಿಟ್ಟ.

ಈ ನಿಯಮಕ್ಕೆ ಪರೀಕ್ಷೆ ಬಂದದ್ದು 1687ರಲ್ಲಿ. ಅಧ್ಯಕ್ಷ ತೀರಿಕೊಂಡಿದ್ದ. ಪ್ರೊಟೆಸ್ಟೆಂಟ್ ಇಂಗ್ಲೆಂಡಿನ ಕ್ಯಾಥೊಲಿಕ್ ರಾಜ ಎರಡನೇ ಜೇಮ್ಸ್, ಆಂಥನಿ ಫಾರ್ಮರ್ ಎಂಬವನನ್ನು ಆರಿಸಿ ಅಂತ ಆಜ್ಞೆ ಕಳಿಸಿದ. ಫಾರ್ಮರ್‌ಗೆ ಕಾಲೇಜಿನ ನಿಯಮದ ಪ್ರಕಾರ ಅರ್ಹತೆಯೇ ಇರಲಿಲ್ಲ, ನಡತೆಯ ಬಗ್ಗೆಯೂ ಒಳ್ಳೆಯ ಮಾತಿರಲಿಲ್ಲ. ಫೆಲೋಗಳು ರಾಜನ ಮಾತು ಪಕ್ಕಕ್ಕಿಟ್ಟು ಜಾನ್ ಹಫ್ ಎಂಬವನನ್ನು ಆರಿಸಿಬಿಟ್ಟರು! ರಾಜ ಸುಮ್ಮನಾಗಲಿಲ್ಲ. ಫಾರ್ಮರ್ ಬದಲಿಗೆ ಆಕ್ಸ್‌ಫರ್ಡ್‌ನ ಬಿಷಪ್ ಪಾರ್ಕರ್ ಹೆಸರು ಮುಂದಿಟ್ಟ, ಸೆಪ್ಟೆಂಬರ್‌ನಲ್ಲಿ ತಾನೇ ಊರಿಗೆ ಬಂದು ಎಲ್ಲರನ್ನೂ ಕರೆಸಿ ಬೈದ, ಅದಕ್ಕೂ ಜಗ್ಗದಿದ್ದಾಗ ಅಧ್ಯಕ್ಷರ ಮನೆಯ ಬಾಗಿಲು ಒಡೆಸಿ ಪಾರ್ಕರ್‌ನನ್ನು ಕೂರಿಸಿದ, ಒಪ್ಪದ ಫೆಲೋಗಳನ್ನು ಹೊರಗೆ ಹಾಕಿದ. ಮರುವರ್ಷ ಸಿಂಹಾಸನ ಅಲುಗಾಡತೊಡಗಿದಾಗ, ಅಕ್ಟೋಬರ್ 25ರಂದು, ಅವರನ್ನೆಲ್ಲ ವಾಪಸ್ ಕರೆಸಿಕೊಳ್ಳಬೇಕಾಯಿತು. ಡಿಸೆಂಬರ್‌ನಲ್ಲಿ ರಾಜನೇ ದೇಶ ಬಿಟ್ಟು ಓಡಿದ.

ಇದನ್ನು ಓದಿದರೆ ಯಾರಿಗಾದರೂ ರೋಮಾಂಚನ ಆಗುತ್ತದೆ. ಆದರೆ ಇಷ್ಟು ಕಷ್ಟಪಟ್ಟು ಉಳಿಸಿಕೊಂಡ ಸ್ವಾತಂತ್ರ್ಯದಿಂದ ಮುಂದೆ ಮಾಡಿದ್ದೇನು? 1752ರಲ್ಲಿ ಸೇರಿದ ಇತಿಹಾಸಕಾರ ಎಡ್ವರ್ಡ್ ಗಿಬ್ಬನ್, ಅಲ್ಲಿ ಕಳೆದ 14 ತಿಂಗಳು ತನ್ನ ಇಡೀ ಬದುಕಿನಲ್ಲೇ ದಂಡ ಅಂತ ಆಮೇಲೆ ಬರೆದುಕೊಂಡ. ಫೆಲೋಗಳಿಗೆ ಕುಡಿತ, ಹರಟೆ. ಗುರುಗಳಿಗೆ ಸಂಬಳದ ನೆನಪಿತ್ತು, ಪಾಠದ್ದಿರಲಿಲ್ಲ. (ಗಿಬ್ಬನ್‌ಗೆ ಕಾಲೇಜಿನ ಮೇಲೆ ಸಿಟ್ಟಿತ್ತು, ಸ್ವಲ್ಪ ಕಳೆದೇ ಓದಬೇಕು.) 1791ರಲ್ಲಿ ಅಧ್ಯಕ್ಷನಾದ ಮಾರ್ಟಿನ್ ರೌತ್ ಕುರ್ಚಿ ಬಿಟ್ಟದ್ದು 1854ರಲ್ಲಿ, ಅದೂ 99ನೇ ವಯಸ್ಸಿನಲ್ಲಿ ಸತ್ತ ಮೇಲೆ.

ಇವರನ್ನು ಎಬ್ಬಿಸಿದ್ದು ಹೊರಗಿನವರೇ. ಆಕ್ಸ್‌ಫರ್ಡನ್ನು ಸುಧಾರಿಸುವ ಕಾನೂನನ್ನು ಸಂಸತ್ತು 1854ರಲ್ಲಿ ತಂದಿತು, ಇಂಗ್ಲೆಂಡಿನ ಅಧಿಕೃತ ಚರ್ಚಿನವರೇ ಆಗಿರಬೇಕೆಂಬ ಧರ್ಮದ ಷರತ್ತನ್ನು 1871ರಲ್ಲಿ ಬಹುಪಾಲು ತೆಗೆಯಿತು. ಹಿಟ್ಲರ್‌ನ ಜರ್ಮನಿ ಬಿಟ್ಟುಬಂದ ಭೌತವಿಜ್ಞಾನಿ ಶ್ರೋಡಿಂಗರ್‌ಗೆ 1933ರಲ್ಲಿ ಜಾಗ ಕೊಟ್ಟದ್ದು ಇದೇ ಕಾಲೇಜು, ಅದು ಅದರ ದೊಡ್ಡತನ. ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದು ಮಾತ್ರ 1979ರಲ್ಲಿ. ಲೆಕ್ಕ ಹಾಕಿ, 521 ವರ್ಷ! ಅದನ್ನು ಯಾವ ರಾಜನೂ ತಡೆದಿರಲಿಲ್ಲ, ಅಲ್ವಾ?

ಕಾಲೇಜಿಗೆ ಮೊದಲ ಮಹಿಳಾ ಅಧ್ಯಕ್ಷರು ಬಂದದ್ದು 2020ರಲ್ಲಿ, ವಕೀಲೆ ಡೈನಾ ರೋಸ್. ಮರುವರ್ಷ ಅಲ್ಲಿನ ಸ್ನಾತಕೋತ್ತರ ವಿದ್ಯಾರ್ಥಿಗಳು ತಮ್ಮ ಕೊಠಡಿಯಿಂದ ರಾಣಿ ಎರಡನೇ ಎಲಿಜಬೆತ್‌ಳ ಚಿತ್ರ ತೆಗೆಯಲು ಮತ ಹಾಕಿದರು. ಶಿಕ್ಷಣ ಮಂತ್ರಿಯೇ ಸಿಟ್ಟಾದರು. ಚಿತ್ರ ಹಾಕುವುದು, ತೆಗೆಯುವುದು ವಿದ್ಯಾರ್ಥಿಗಳಿಗೆ ಬಿಟ್ಟದ್ದು ಅಂತ ರೋಸ್ ನಿಂತರು. ನನಗೇನೋ ಆ ಚಿತ್ರ ಅಲ್ಲೇ ಇದ್ದರೂ ಬೇಸರ ಇರಲಿಲ್ಲ. ಆದರೂ 1687ರವರು ಇದ್ದಿದ್ದರೆ ಈ ಉತ್ತರಕ್ಕೆ ಖುಷಿಪಡುತ್ತಿದ್ದರು, ಉತ್ತರ ಕೊಟ್ಟವರು ಹೆಂಗಸು ಅಂತ ಮಾತ್ರ ಗಾಬರಿಯಾಗುತ್ತಿದ್ದರು.