ಮನೆ ಮಾರುವಾಗ ಈಜುಕೊಳಕ್ಕೆ ಬೆಲೆ ಸಿಗುತ್ತದೆಯೇ?

ಪರ

ಬೆಂಗಳೂರಿನ ಸರ್ಜಾಪುರ, ದೇವನಹಳ್ಳಿ ಕಡೆ ವಿಲ್ಲಾ ನೋಡಲು ಬರುವವರಿಗೆ ತಲೆಯ ಮೇಲೊಂದು ಸೂರು ಈಗಾಗಲೇ ಇರುತ್ತದೆ. ಅವರು ಕೋಟಿಗಟ್ಟಲೆ ತೆರುವುದು ಪಕ್ಕದ ವಿಲ್ಲಾದಲ್ಲಿ ಇಲ್ಲದ್ದಕ್ಕೆ. ಹತ್ತು ಮನೆ ನೋಡಿ ಸುಸ್ತಾದವರಿಗೆ ಕೊನೆಗೆ ನೆನಪಿನಲ್ಲಿ ಉಳಿಯುವುದು ಕೊಳವಿದ್ದ ಮನೆಯೇ.

ಇನ್ನೊಂದು ಮಾತನ್ನು ವಿರೋಧಿಗಳು ಮರೆಯುತ್ತಾರೆ. ಮನೆ ಎದ್ದು ನಿಂತ ಮೇಲೆ ಕೊಳ ತೋಡಿಸುವುದು ಹುಡುಗಾಟವಲ್ಲ. ಕಾಂಪೌಂಡ್ ಒಡೆಯದೆ ಜೆಸಿಬಿ ಒಳಗೆ ಬಾರದು. ಬಂದರೂ ಬೆಂಗಳೂರಿನ ನೆಲದಲ್ಲಿ ಎಷ್ಟು ಆಳಕ್ಕೆ ಬಂಡೆ ಸಿಗುತ್ತದೋ ಯಾರೂ ಹೇಳಲಾರರು. ಮನೆಯ ಪಾಯಕ್ಕೆ ಏನಾಗುತ್ತದೋ ಎಂಬ ಭಯ ಬೇರೆ. ಸಿದ್ಧ ಕೊಳವಿರುವ ಮನೆಗೆ ನಾಲ್ಕು ಕಾಸು ಹೆಚ್ಚು ಕೊಡುವುದು ಈ ತಾಪತ್ರಯ ತಪ್ಪಿತಲ್ಲ ಎಂದು. ಕೊಳ ಈಶಾನ್ಯದಲ್ಲಿದ್ದರಂತೂ ವಾಸ್ತು ನೋಡುವವರೂ ತಲೆದೂಗುತ್ತಾರೆ. ಕೊಡಗು, ಚಿಕ್ಕಮಗಳೂರುಗಳಲ್ಲಿ ತೋಟದ ಮನೆ ಕೊಳ್ಳುವವರು ಹೋಂಸ್ಟೇ ಲೆಕ್ಕ ಹಾಕಿಯೇ ಬರುತ್ತಾರೆ. ಅಲ್ಲಿ ಕೊಳವೆಂದರೆ ಬಾಡಿಗೆ.

ವಿರೋಧ

ತೋಟದ ಮನೆಯ ಮಾತು ಒಪ್ಪಿದೆ. ಆದರೆ ಊರೊಳಗಿನ 40×60 ನಿವೇಶನದಲ್ಲಿ? ಇಪ್ಪತ್ತಡಿ ಉದ್ದ, ಹತ್ತಡಿ ಅಗಲದ ಕೊಳವೆಂದರೆ 200 ಚದರ ಅಡಿ. ಸುತ್ತಲಿನ ಹಾದಿ, ಪಂಪ್ ಕೋಣೆ ಸೇರಿಸಿದರೆ ಇನ್ನೂ ಹೆಚ್ಚು. ಚದರ ಅಡಿಗೆ 10,000 ರೂಪಾಯಿ ಎಂದಿಟ್ಟುಕೊಂಡರೂ ನೀರಿನಡಿಯ ನೆಲವೇ 20 ಲಕ್ಷದ್ದು. ನೆಲದ ಬೆಲೆ ಏರುತ್ತದೆ, ಅದರ ಮೇಲೆ ಕಟ್ಟಿದ್ದು ಸವೆಯುತ್ತದೆ. ಸಾಲ ಕೊಡುವ ಬ್ಯಾಂಕಿನ ಮೌಲ್ಯಮಾಪಕರು ಕಟ್ಟಡದ ವಯಸ್ಸು ನೋಡಿ ಬೆಲೆ ಕಡಿತ ಮಾಡುವಾಗ ಟೈಲ್ಸ್ ಕಿತ್ತ ಹಳೆಯ ಕೊಳಕ್ಕೆ ಕರುಣೆ ತೋರುವುದಿಲ್ಲ.

ನೀರಿನ ವಿಷಯಕ್ಕೆ ಬರೋಣ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿತು. ತಪ್ಪಿದರೆ 5,000 ರೂಪಾಯಿ ದಂಡ. ಮೇಲೆ ಹೇಳಿದ ಅಳತೆಯ ಕೊಳ ನಾಲ್ಕಡಿ ಆಳವಿದ್ದರೆ ಸುಮಾರು 22,600 ಲೀಟರ್ ನೀರು ಹಿಡಿಯುತ್ತದೆ. ಅದೇ ತಿಂಗಳು ಜಿಲ್ಲಾಡಳಿತ 5 ಕಿ.ಮೀ. ಒಳಗೆ 12,000 ಲೀಟರ್ ಟ್ಯಾಂಕರ್‌ಗೆ 1,000 ರೂಪಾಯಿ ದರ ನಿಗದಿ ಮಾಡಿತ್ತು. ಎರಡು ಟ್ಯಾಂಕರ್, 2,000 ರೂಪಾಯಿ, ದೊಡ್ಡ ಮೊತ್ತವೇನಲ್ಲ. ಆ ದರಕ್ಕೆ ಟ್ಯಾಂಕರ್ ಸಿಕ್ಕವರು ಪುಣ್ಯವಂತರು, ಅದಿರಲಿ. ಕೊಳ್ಳುವವರನ್ನು ಕಾಡುವುದು ಖರ್ಚಲ್ಲ, ಕೊಳವೆಬಾವಿ ಬತ್ತಿದ ಆ ಬೇಸಿಗೆಯ ನೆನಪು. ನಗರಕ್ಕೆ ಕಾವೇರಿ ನೀರು ತರುವ ಯೋಜನೆಯ ಐದನೇ ಹಂತ ಬಂದ ಮೇಲೂ ಮನೆ ನೋಡಲು ಬಂದವರ ಮೊದಲ ಪ್ರಶ್ನೆ ನೀರಿನದೇ.

ಬಳಸದೆ ಬಿಟ್ಟ ಕೊಳ ಇನ್ನೂ ಕಷ್ಟ. ಫಿಲ್ಟರ್ ಓಡಬೇಕು, ಕ್ಲೋರಿನ್ ಹಾಕಬೇಕು. ಬಿಟ್ಟರೆ ಪಾಚಿ, ಸೊಳ್ಳೆ. 2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ನಗರದ ಮನೆಗಳಿಗೂ 400 ರೂಪಾಯಿ ದಂಡ ಇಟ್ಟಿತು. ಮನೆಯಲ್ಲಿ ಅಂಬೆಗಾಲಿಡುವ ಮಗುವಿದ್ದರೆ ತಾಯಿ ಗೇಟಿನಿಂದಲೇ ಬೇಡವೆನ್ನುತ್ತಾಳೆ.

ಉಳಿದವರು ಚೌಕಾಸಿಗೆ ಕೂರುತ್ತಾರೆ. ಕೊಳಕ್ಕೆ ಮಣ್ಣು ತುಂಬಿಸಿ, ನೆಲ ಸಮ ಮಾಡಿಸುವ ಖರ್ಚನ್ನು ಮನೆಯ ಬೆಲೆಯಲ್ಲಿ ಕಳೆಯಿರಿ ಎನ್ನುತ್ತಾರೆ. ಕಟ್ಟಿಸಿದವರು ಅದನ್ನೂ ಕೊಡಬೇಕು.